ಜೋಹ್ರಾಳ ಮೊದಲ ತುತ್ತು

"ಶೈಸ್ತಾ, ಕೈ ಹಿಂದಕ್ಕೆ ತಗೋ."

ಅತ್ತೆ ಅಜೀಜಾಬಿ ಕೂಗಿ ಹೇಳಲಿಲ್ಲ. ಕೂಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ದಾಲ್ಚಾದ ಪಾತ್ರೆಯೊಳಗೆ ಸೌಟು ಆಡಿಸುತ್ತಲೇ, ಉಪ್ಪು ಕೊಡು ಅಂದಷ್ಟೇ ಸಲೀಸಾಗಿ ಅಂದರು. ಊಟಕ್ಕೆ ನೆಲದ ಮೇಲೆ ಹಾಸಿದ ದಸ್ತರ್‌ಖಾನಿನ ಸುತ್ತ ಕೂತಿದ್ದವರ ಕೈಗಳು ಒಂದು ಗಳಿಗೆ ತಟ್ಟೆಯ ಮೇಲೇ ನಿಂತುಬಿಟ್ಟವು.

ಶುಕ್ರವಾರದ ಮಧ್ಯಾಹ್ನ. ಗಂಡಸರು ಮಸೀದಿಯಿಂದ ಬಂದು ಊಟಕ್ಕೆ ಕೂತಿದ್ದರು. ಹಿರಿಸೊಸೆ ಶೈಸ್ತಾಳ ತೊಡೆಯ ಮೇಲೆ ಆರು ತಿಂಗಳು ತುಂಬಿದ ಜೋಹ್ರಾ ಕೂತಿದ್ದಳು. ಮೈದುನ ಬಬ್ಲುವಿನ ಮಗಳು. ಮಗುವಿನ ಕಣ್ಣು ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಓಡಾಡುತ್ತಿತ್ತು. ತಾತ ಲಾಲ್ ಬಾಷಾ ತುತ್ತು ಎತ್ತಿದರೆ ಇವಳ ಬಾಯಿ ತೆರೆಯುತ್ತಿತ್ತು. ಅಪ್ಪ ಅಗಿದರೆ ಇವಳು ಬರೀ ಒಸಡಿನಲ್ಲಿ ಅಗಿಯುತ್ತಿದ್ದಳು. ಜೊಲ್ಲು ಇಳಿದು ಎದೆಯ ಬಟ್ಟೆ ಒದ್ದೆಯಾಗಿತ್ತು. ನೋಡಿ ನೋಡಿ ತಡೆಯಲಾರದೆ ಶೈಸ್ತಾ ಗಂಡ ಮಜರ್‌ನ ತಟ್ಟೆಯ ಅಂಚಿನಿಂದ ಒಂದು ಅಗುಳು ತೆಗೆದು, ಬೆರಳಲ್ಲಿ ನುರಿದು, ಆ ಪುಟ್ಟ ತುಟಿಯ ಹತ್ತಿರ ತಂದಿದ್ದಳು. ಆಗಲೇ ಅತ್ತೆಯ ಆ ಮಾತು ಬಂದಿದ್ದು.

"ಒಂದೇ ಅಗುಳು ಅಮ್ಮೀ... ಮಗು ಬಾಯಿ ಬಾಯಿ ಬಿಡ್ತಾ ಐತೆ."

"ಅಗುಳಾದ್ರೂ ಮೊದಲ ತುತ್ತೇ, ಹಂಡೆಯಾದ್ರೂ ಮೊದಲ ತುತ್ತೇ. ಯಾರ ಕೈಯಿಂದ ಬೀಳುತ್ತೋ ಅವರ ಗುಣ, ಅವರ ನಸೀಬು ಮಗೂಗೆ ಬರುತ್ತೆ. ಮಜರ್‌ಗೆ ನಮ್ಮತ್ತೆ ಕೊಟ್ರು, ನೋಡು, ಅವರ ಹಾಗೇ ತಣ್ಣಗವನೆ. ಬಬ್ಲುಗೆ ಕೊಟ್ಟಿದ್ದು ನನ್ನ ತಮ್ಮ. ಇವತ್ತಿಗೂ ಇವನಿಗೆ ಬೆಳಗಾಗೋದು ಹತ್ತು ಗಂಟೆಗೆ." ಬಬ್ಲು ತಲೆ ತಗ್ಗಿಸಿ ನಕ್ಕ. ಅಜೀಜಾಬಿ ನಗಲಿಲ್ಲ. "ಗೌರಿಬಿದನೂರಿಂದ ನನ್ನ ಮಗಳು ನಸ್ರೀನ್‌ತಾಜ್ ಬಂದು ಖೀರು ನೆಕ್ಕಿಸ್ತಾಳೆ. ಮೂರು ಗಂಡುಮಕ್ಕಳನ್ನ ಹೆತ್ತಿರೋ ಕೈ ಅದು. ನಿಂದು..."

ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸಿದ ಮಾತು ಆಡಿದ ಮಾತಿಗಿಂತ ದೊಡ್ಡದಾಗಿ ಕೇಳಿಸಿತು. ಮದುವೆಯಾಗಿ ಹತ್ತು ವರ್ಷವಾಗುತ್ತ ಬಂದರೂ ಶೈಸ್ತಾಳ ಮಡಿಲು ತುಂಬಿರಲಿಲ್ಲ. ಶಿಡ್ಲಘಟ್ಟದ ಆ ಓಣಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಅನ್ನಬೇಕಾದಾಗ ಹೀಗೆ ಅರ್ಧಕ್ಕೆ ನಿಲ್ಲಿಸುತ್ತಿದ್ದರು, ಅಷ್ಟೇ. ಅವಳು ನುರಿದ ಅಗುಳನ್ನು ತಾನೇ ಬಾಯಿಗೆ ಹಾಕಿಕೊಂಡಳು. ಮಗು ಅದನ್ನೂ ಕಣ್ಣಲ್ಲೇ ಹಿಂಬಾಲಿಸಿ, ತುಟಿ ಸೊಟ್ಟಗೆ ಮಾಡಿ, ಅಳುವುದಕ್ಕೆ ಶುರುಮಾಡಿತು.

ಅಜೀಜಾಬಿ ಕೆಟ್ಟವರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ಕಷಾಯದ ಚೊಂಬು ಹಿಡಿದು ಮೊದಲು ಹೋಗುತ್ತಿದ್ದವರು ಅವರೇ. ನಂಬಿದ್ದನ್ನು ಮಾತ್ರ ಪ್ರಾಣ ಹೋದರೂ ಬಿಡುವವರಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹುಲಿಯ ಹಾಗೆ ಹರಾಜು ಕೂಗುವ ಲಾಲ್ ಬಾಷಾ, ಮನೆಯ ಹೊಸ್ತಿಲು ದಾಟಿದರೆ ಇಲಿ. ಇನ್ನು ಮಜರ್ ತಾಯಿಯ ಎದುರು ಕತ್ತು ಎತ್ತಿದವನೇ ಅಲ್ಲ.

ಮನೆಯ ಹಿಂದೆ ಅವರದೇ ರೇಷ್ಮೆ ನೂಲು ಬಿಚ್ಚುವ ಶೆಡ್ಡು ಇತ್ತು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆ ಹಿಡಿದು, ರಾಟೆಗೆ ಕೊಡುವ ಕೆಲಸ. ಶೈಸ್ತಾ ಸೊಸೆಯಾಗಿ ಬಂದ ವರ್ಷದಿಂದ ಆ ಬಿಸಿನೀರಿನ ತೊಟ್ಟಿಯ ಮುಂದೆ ಕೂತವಳು. ನೀರಿನಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗಳು ಬಿಳಿಚಿ, ಒರಟಾಗಿ, ಬಿಸಿ ಯಾವುದು ತಣ್ಣಗೆ ಯಾವುದು ಅನ್ನುವುದೇ ತಿಳಿಯದಷ್ಟು ಮರಗಟ್ಟಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ನೋಡಿದವರು ಹೌಹಾರಿದರೆ ಅವಳೇ ನಗುತ್ತಿದ್ದಳು.

ಕಿರಿಸೊಸೆ ಆಸ್ಮಾಳಿಗೆ ಜೋಹ್ರಾ ಹುಟ್ಟಿದ ಮೇಲೆ ಕಾಮಾಲೆ ಬಂತು. ಕಾಮಾಲೆ ಇಳಿದರೂ ಸುಸ್ತು ಇಳಿಯಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬಂದರೆ ಅದೇ ಅವತ್ತಿನ ಕೆಲಸ. ಎದೆಹಾಲು ಬತ್ತಿಹೋಯಿತು. ಹಾಗಾಗಿ ಮಗುವಿನ ಬಾಟಲಿ, ಮಗುವಿನ ಬಟ್ಟೆ, ಮಗುವಿನ ನಿದ್ದೆ ಎಲ್ಲ ಶೈಸ್ತಾಳ ಪಾಲಿಗೆ ಬಂದವು. ಇದನ್ನು ಯಾರೂ ಅವಳಿಗೆ ಒಪ್ಪಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಕಕ್ಕ ತೊಳೆಯಲು ಈ ಕೈ ಆಗುತ್ತದೆ, ತುತ್ತಿಡಲು ಮಾತ್ರ ಆಗುವುದಿಲ್ಲ... ಇದೆಂಥ ನ್ಯಾಯ ಎಂದು ಅವಳ ಒಳಗೊಳಗೇ ಕುದಿಯುತ್ತಿತ್ತು. ಕುದಿಯುವುದು ಅವಳಿಗೇನು ಹೊಸದಲ್ಲವಲ್ಲ.

ನಸ್ರೀನ್‌ತಾಜ್ ಅಜೀಜಾಬಿಯ ಒಬ್ಬಳೇ ಮಗಳು. ಬರುವ ಭಾನುವಾರ ಬರುತ್ತೇನೆಂದವಳು ಗೌರಿಬಿದನೂರಿನ ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪಟ್ಟಿ ಹಾಕಿಸಿಕೊಂಡಳು. ಪಟ್ಟಿ ಬಿಚ್ಚಿ ಹೊರಡಬೇಕು ಅನ್ನುವಷ್ಟರಲ್ಲಿ ಅವಳ ಅತ್ತೆ ತೀರಿಕೊಂಡರು. ಸಾವಿನ ಮನೆಯವಳು ಚೆಹಲ್ಲುಮ್ ಮುಗಿಯದೆ ಸಂತೋಷದ ಖೀರು ಮುಟ್ಟುವುದು ಹೇಗೆ?

"ನಲವತ್ತು ದಿನ ಮುಗೀಲಿ," ಅಂದರು ಅಜೀಜಾಬಿ. "ಅಲ್ಲೀವರೆಗೂ ಹಾಲೇ ಸಾಕು. ನನ್ನ ಮಕ್ಕಳೇನು ಹಾಲು ಕುಡಿದು ಬೆಳೀಲಿಲ್ವಾ?"

ಹಾಲೆಂದರೆ ಅರ್ಧ ನೀರು ಬೆರೆಸಿದ ಹಸುವಿನ ಹಾಲು. ಜೋಹ್ರಾ ಒಂದೇ ಉಸಿರಿಗೆ ಬಾಟಲಿ ಮುಗಿಸಿ, ಖಾಲಿ ರಬ್ಬರನ್ನು ಇನ್ನೂ ಚೀಪಿ, ಗಾಳಿ ನುಂಗಿ, ಹೊಟ್ಟೆ ಹಿಡಿದು ಅಳುತ್ತಿದ್ದಳು. ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳತೊಡಗಿದಳು. ದುಪಟ್ಟಾದ ಅಂಚು, ತಾತನ ಟೋಪಿ, ಶೈಸ್ತಾಳ ಮೊಣಕೈ. ತೋಳಿನ ಮಡಿಕೆಗಳು ಕರಗಿ ತೋಳು ನೇರವಾಯಿತು. ಒಂದು ದಿನ ಶೈಸ್ತಾ ಶೆಡ್ಡಿನಲ್ಲಿ ಎಳೆ ಹಿಡಿಯುತ್ತ ತಿರುಗಿ ನೋಡಿದರೆ, ಮಗು ತೆವಳಿ ಬಂದು, ಬುಟ್ಟಿಯಿಂದ ಉರುಳಿದ್ದ ಒಂದು ರೇಷ್ಮೆಗೂಡನ್ನು ಎರಡೂ ಕೈಯಲ್ಲಿ ಹಿಡಿದು ಚೀಪುತ್ತಿತ್ತು. ಕಣ್ಣು ಮುಚ್ಚಿಕೊಂಡು, ಅಷ್ಟು ಆಸೆಯಿಂದ...

ಶೈಸ್ತಾ ಗೂಡನ್ನು ಕಿತ್ತು ಎಸೆದು ಮಗುವನ್ನು ಎದೆಗೆ ಅವುಚಿಕೊಂಡಳು. ಅವತ್ತು ಅವಳು ಗಳಗಳನೆ ಅತ್ತಳು. ಮನೆ ತುಂಬ ಅನ್ನ ಇದೆ, ಮಗು ಹುಳು ಸತ್ತ ಗೂಡು ಚೀಪುತ್ತಿದೆ. ಅಲ್ಲಾಹ್ ಇದನ್ನು ನೋಡುತ್ತಿದ್ದಾನಾ, ನೋಡುತ್ತಿದ್ದರೆ ಯಾರನ್ನು ಕೇಳುತ್ತಾನೆ? ಅತ್ತೆಯನ್ನಾ, ನನ್ನನ್ನಾ?

ನಸೀಬು ಅಂಟುವುದಾದರೆ ಅಂಟಲಿ, ಮಗು ಉಳಿದರೆ ತಾನೇ ನಸೀಬು ಎಂದುಕೊಂಡಳು.

ಅವಳ ತವರು ಮಂಚೇನಹಳ್ಳಿ. ಹಿರಿಮಗಳಾಗಿ ಐದು ಜನ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ರಾಗಿ ಸರಿ ಮಾಡುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾಯಿಗೆ ಫೋನು ಮಾಡಿದಳು. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟು, ತಮ್ಮನ ಕೈಯಲ್ಲಿ ಡಬ್ಬಿಯಾಗಿ ಬಂತು. ಅದನ್ನು ಹಳೆಯ ತೆಳು ದುಪಟ್ಟಾದಲ್ಲಿ ಜಾಲಿಸಿ, ಹೊಟ್ಟು ಬಟ್ಟೆಯ ಮೇಲೇ ಉಳಿದು ನುಣ್ಣನೆಯ ಪುಡಿ ಮಾತ್ರ ಕೆಳಗೆ ಬೀಳುವ ಹಾಗೆ ಮಾಡಿಟ್ಟುಕೊಂಡಳು. ಮಧ್ಯಾಹ್ನದ ನಮಾಜು ಮುಗಿಸಿ ಅಜೀಜಾಬಿ ಮಲಗುವ ಹೊತ್ತು ನೋಡಿ, ಶೆಡ್ಡಿನ ಒಲೆಯ ಮೇಲೆ ಸಣ್ಣ ಪಾತ್ರೆ ಇಟ್ಟು ಕದಡಿದಳು. ಗೂಡಿನ ವಾಸನೆಯ ನಡುವೆ ರಾಗಿಯ ಘಮ ಎದ್ದಾಗ ಅವಳು ಒಮ್ಮೆ ಮನೆಯ ಕಡೆ ತಿರುಗಿ ನೋಡಿದಳು.

ಚಮಚ ತುಂಬಿದಳು. ಬಿಸಿ ಎಷ್ಟೆಂದು ಬೆರಳಿಗೆ ತಿಳಿಯದು. ಆ ಬೆರಳನ್ನು ನಂಬಿ ಮಗುವಿನ ಬಾಯಿ ಸುಟ್ಟರೆ? ಅದಕ್ಕೇ ಮೊದಲು ತನ್ನ ತುಟಿಗೆ ಮುಟ್ಟಿಸಿ ನೋಡಿದಳು, ಆಮೇಲೆ ಬಾಯಿ ಗುಂಡಗೆ ಮಾಡಿ ಊದಿದಳು. "ಫೂ..." ಮತ್ತೆ ಊದಿದಳು. "ಬಿಸ್ಮಿಲ್ಲಾ" ಎಂದು ತುಟಿಗೆ ತಾಗಿಸಿದಳು. ಮಗು ನಾಲಿಗೆಯಿಂದ ಹೊರಕ್ಕೆ ನೂಕಿತು. ಗಲ್ಲದ ಮೇಲೆ ಇಳಿದದ್ದನ್ನು ಅವಳು ಒರೆಸಿ ಮತ್ತೆ ಇಟ್ಟಳು. ಮತ್ತೆ ನೂಕಿತು. ಮೂರನೆಯ ಸಲ ಏನೋ ನೆನಪಾದವಳಂತೆ ಜೋಹ್ರಾ ಸುಮ್ಮನಾದಳು, ಹುಬ್ಬು ಗಂಟಿಕ್ಕಿದಳು, ನುಂಗಿದಳು. ಆಮೇಲೆ ಬಾಯಿ ತೆರೆದು ಚಮಚವನ್ನೇ ನೋಡಿದಳು.

"ಬೇಕಾ ನನ್ನ ಬಂಗಾರಕ್ಕೆ? ನಿನ್ನ ಬಡಿಅಮ್ಮಿ ನಾನು ಕೊಡ್ತೀನಿ, ತಗೋ... ತಗೋ ಕಣಮ್ಮ..."

ದಿನವೂ ಹೀಗೇ ನಡೆಯಿತು. ಸರಿ ಗಟ್ಟಿಯಾಯಿತು, ಆಮೇಲೆ ಹೆಸರುಬೇಳೆಯ ಕಟ್ಟು ಬಂತು, ನುರಿದ ಬಾಳೆಹಣ್ಣು ಬಂತು. ಪ್ರತಿ ಚಮಚಕ್ಕೂ ಶೈಸ್ತಾ ಊದುತ್ತಿದ್ದಳು, ತಣ್ಣಗಾದದ್ದಕ್ಕೂ ಊದುತ್ತಿದ್ದಳು. ಅಭ್ಯಾಸ. ಮಗುವಿನ ತೋಳಿನ ಮಡಿಕೆ ತಿರುಗಿ ಬಂತು. "ನೋಡಿದ್ಯಾ, ಹಾಲಲ್ಲೇ ಹೆಂಗೆ ತುಂಬ್ಕೊಂತು," ಎಂದು ಅಜೀಜಾಬಿ ಓಣಿಯವರಿಗೆಲ್ಲ ಹೇಳಿಕೊಂಡರು. ಆ ಹೊತ್ತಿನಲ್ಲಿ ಶೈಸ್ತಾಳಷ್ಟು ಸುಖವಾಗಿ ಊರಲ್ಲಿ ಯಾರೂ ಇರಲಿಲ್ಲ. ಕದ್ದ ಸುಖ ನಿಜ, ಆದರೆ ಸುಖವೇ.

ಒಂದು ಮಧ್ಯಾಹ್ನ ಮಗುವಿನ ಬಾಯಿ ಒರೆಸುತ್ತ ತಲೆ ಎತ್ತಿದರೆ, ಮನೆಯ ಹಿಂಬಾಗಿಲಲ್ಲಿ ಆಸ್ಮಾ ನಿಂತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಶೈಸ್ತಾ ಬಟ್ಟಲನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಆಸ್ಮಾ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆ ಮಾಡಿಕೊಂಡು ಒಳಗೆ ಹೋದಳು.

ಚೆಹಲ್ಲುಮ್ ಮುಗಿಯಿತು. ನಸ್ರೀನ್‌ತಾಜ್ ಬಂದಳು. ನೆಂಟರಿಷ್ಟರು ಸೇರಿದರು. ಜೋಹ್ರಾಳಿಗೆ ಹಸಿರು ಜರಿಯ ಲಂಗ ತೊಡಿಸಿ ನಡುಮನೆಯಲ್ಲಿ ಕೂರಿಸಿದರು. ಬೆಳ್ಳಿ ಬಟ್ಟಲಲ್ಲಿ ಖೀರು, ಬೆಳ್ಳಿ ಚಮಚ. ಶೈಸ್ತಾ ಶರಬತ್ತಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಶುಭದ ಹೊತ್ತಿನಲ್ಲಿ ಅವಳ ಜಾಗ ಅದೇ ಎಂದು ಯಾರೂ ಹೇಳಿರಲಿಲ್ಲ, ಅವಳೇ ಕಲಿತುಕೊಂಡಿದ್ದಳು.

ನಸ್ರೀನ್‌ತಾಜ್ "ಬಿಸ್ಮಿಲ್ಲಾ" ಎಂದು ಚಮಚ ಮುಂದೆ ತಂದಳು. ಜೋಹ್ರಾ ಚಮಚವನ್ನು ನೋಡಿದಳು. ಪುಟ್ಟ ತುಟಿಗಳನ್ನು ಗುಂಡಗೆ ಮಾಡಿಕೊಂಡಳು.

"ಫೂ..." ಎಂದು ಊದಿದಳು.

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಎಂಥ ಜಾಣೆ, ಎಂಥ ಚೂಟಿ ಎಂದು ಹೆಂಗಸರು ದೃಷ್ಟಿ ತೆಗೆದರು. ಮಗು ನಗುವಿನ ಕಡೆ ಗಮನ ಕೊಡದೆ ಬಾಯಿ ಅಗಲಿಸಿ ಖೀರು ತೆಗೆದುಕೊಂಡಿತು, ಒಂದು ತೊಟ್ಟೂ ಚೆಲ್ಲದೆ ನುಂಗಿತು, ಮತ್ತೆ ಬಾಯಿ ತೆರೆಯಿತು. ಎರಡನೆಯ ಚಮಚ ಬಂದಾಗ ಮತ್ತೆ "ಫೂ." ಈ ಸಲ ನಕ್ಕವರು ಕಡಿಮೆ.

"ಅಮ್ಮೀ," ಅಂದಳು ನಸ್ರೀನ್‌ತಾಜ್, ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, "ಇದು ಊಟ ಕಲ್ತಿರೋ ಮಗು. ಹೊಸದಾಗಿ ತಿನ್ನೋ ಮಗು ಉಗೀಬೇಕಲ್ವಾ?"

ಅಜೀಜಾಬಿಯ ಮುಖ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಆಸ್ಮಾಳನ್ನು ನೋಡಿದರು. ಆಸ್ಮಾ ನೆಲ ನೋಡುತ್ತಿದ್ದಳು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು.

"ಯಾರು ಕಲಿಸಿದ್ದು ಇದನ್ನ?"

"ನಾನೇ ಅಮ್ಮೀ."

"ಯಾವಾಗಿಂದ?"

"ಚೆಹಲ್ಲುಮ್ ಆಗಲಿ ಅಂತ ಮುಂದಕ್ಕೆ ಹಾಕಿದ್ರಲ್ಲ... ಆಗಿಂದ." ಶೈಸ್ತಾ ಶರಬತ್ತಿನ ತಟ್ಟೆಯನ್ನು ಕೆಳಗಿಟ್ಟಳು. "ಹಸಿವು ತಡೀತಿರಲಿಲ್ಲ ಅಮ್ಮೀ."

"ಯಾರ ಹಸಿವು? ಮಗೂದಾ, ನಿಂದಾ?"

ಶೈಸ್ತಾ ಮಗುವಿನ ಕಡೆ ನೋಡಿದಳು. ಎರಡೂ ನಿಜವಾಗಿತ್ತು.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ಮಾಡಿದೆಯಲ್ಲೇ... ನನ್ನ ಮೊಮ್ಮಗಳಿಗೆ ನಿನ್ನ ನಸೀಬು ಅಂಟಿಸಿಬಿಟ್ಟೆಯಲ್ಲೇ," ಎಂದು ಅಜೀಜಾಬಿ ಅಷ್ಟು ಜನರ ಎದುರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬೈದಿದ್ದರೆ ಶೈಸ್ತಾ ತಡೆದುಕೊಳ್ಳುತ್ತಿದ್ದಳು. ಆ ಅಳು ನಿಜವಾದ ಅಳು, ಅದೇ ಅವಳನ್ನು ಕೊಂದಿತು.

"ಮಗು ಮೈಕೈ ತುಂಬ್ಕೊಂಡೈತಲ್ಲ..." ಎಂದು ಲಾಲ್ ಬಾಷಾ ಬಾಯಿ ಹಾಕಿದರು. ಹೆಂಡತಿ ತಲೆ ಎತ್ತಿ ನೋಡಿದ ಕೂಡಲೇ ಟೋಪಿ ಸರಿಮಾಡಿಕೊಂಡರು.

ಆ ವಾರವೇ ತೀರ್ಮಾನವಾಯಿತು. ಬಬ್ಲುಗೆ ಚಿಕ್ಕಬಳ್ಳಾಪುರದ ಮೊಬೈಲ್ ಅಂಗಡಿಯಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಅಲ್ಲೇ ಬಾಡಿಗೆ ಮನೆ ಮಾಡಿ ಹೆಂಡತಿ ಮಗುವನ್ನು ಕರೆದುಕೊಂಡು ಹೋಗಲಿ, ಆಸ್ಮಾ ಗಟ್ಟಿಯಾಗುವ ತನಕ ತಾನೂ ಜೊತೆಗಿರುತ್ತೇನೆ ಎಂದರು ಅಜೀಜಾಬಿ. ಆಟೋ ಬಂದು ನಿಂತಾಗ ಜೋಹ್ರಾ ಅಜ್ಜಿಯ ಹೆಗಲ ಮೇಲಿಂದ ಹಿಂದಕ್ಕೆ ಎರಡೂ ಕೈ ಚಾಚಿದಳು. ಶೈಸ್ತಾ ಮುಂದೆ ಹೋಗಲಿಲ್ಲ. ಕೈ ಹಿಂದಕ್ಕೆ ತಗೋ ಎಂದು ಇನ್ನೊಮ್ಮೆ ಹೇಳಿಸಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಅವಳ ಪಾಲಿಗೆ ತುತ್ತು ಕೊಡುವ ಕೈಯೇ ಬರಿದಾಯಿತು. ಒಳಗೆ ಹೋಗಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತಳು. ಮಜರ್ ಬಂದು ಪಕ್ಕದಲ್ಲಿ ನಿಂತ.

"ನಾನು ಅಮ್ಮಿಗೆ ಏನಾದ್ರೂ ಹೇಳ್ಬೇಕಿತ್ತು, ಅಲ್ವಾ?" ಅಂದ.

"ಹೋಗಲಿ ಬಿಡ್ರಿ. ಗೂಡು ಬೆಂದೈತೆ, ಬುಟ್ಟಿ ಕೊಡಿ."

ಆದರೆ ಹೊಟ್ಟೆಗೆ ಶಾಸ್ತ್ರ ಗೊತ್ತಿಲ್ಲವಲ್ಲ. ಚಿಕ್ಕಬಳ್ಳಾಪುರಕ್ಕೆ ಹೋದ ದಿನದಿಂದ ಜೋಹ್ರಾ ಬಾಯಿ ಮುಚ್ಚಿದಳು. ಖೀರು ಬೇಡ, ಅನ್ನ ಬೇಡ, ಬಾಳೆಹಣ್ಣು ಬೇಡ. ಚಮಚ ಹತ್ತಿರ ಬಂದರೆ ಸಾಕು, ಮುಖ ತಿರುಗಿಸಿ ಬಾಗಿಲ ಕಡೆ ನೋಡಿ ಅಳುತ್ತಿದ್ದಳು. ಆಸ್ಮಾ ಪ್ರಯತ್ನಿಸಿದಳು, ಬಬ್ಲು ಕೋತಿಯಾಟ ಆಡಿದ, ಅಜೀಜಾಬಿ ಹಾಡಿದರು, ಗದರಿದರು, ದೃಷ್ಟಿ ತೆಗೆದರು. ಬಾಟಲಿಯ ಹಾಲನ್ನೂ ಕಕ್ಕತೊಡಗಿತು ಮಗು. ಕೊನೆಗೆ ಡಾಕ್ಟರ ಬಳಿ ಒಯ್ದು ಆ ಎಳೆಯ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿಸಬೇಕಾಯಿತು.

ಶೆಡ್ಡಿನಲ್ಲಿ ಮಜರ್‌ನ ಫೋನು ಹೊಡೆದುಕೊಂಡಿತು. ಅಜೀಜಾಬಿಯ ಧ್ವನಿ ಇಷ್ಟು ಸಣ್ಣಗೆ ಇರಬಹುದೆಂದು ಶೈಸ್ತಾಳಿಗೆ ಗೊತ್ತಿರಲಿಲ್ಲ.

"ಮಜರ್... ಶೈಸ್ತಾನ ಕರ್ಕೊಂಡು ಬಾರಪ್ಪ."

ಬಾಡಿಗೆ ಮನೆ ಮಾಳಿಗೆಯ ಮೇಲಿತ್ತು. ಶೈಸ್ತಾ ಒಳಗೆ ಕಾಲಿಟ್ಟಳೋ ಇಲ್ಲವೋ, ಚಾಪೆಯ ಮೇಲೆ ಬಾಡಿದ ಸೊಪ್ಪಿನಂತೆ ಬಿದ್ದಿದ್ದ ಜೋಹ್ರಾ ತಲೆ ಎತ್ತಿದಳು. ಚಮಚ ಹಿಡಿದು ಎದುರಿಗೆ ಕೂತಿದ್ದ ತಾಯಿಯನ್ನು ಬಳಸಿಕೊಂಡು, ತೆವಳಿ ತೆವಳಿ ಬಂದು ಶೈಸ್ತಾಳ ಕಾಲು ಹಿಡಿದಳು. ಶೈಸ್ತಾ ಅಲ್ಲೇ ಕುಸಿದು ಕೂತಳು. ಯಾರೋ ಬಟ್ಟಲು ಕೊಟ್ಟರು. ಅವಳು ಊದಿದಳು, ಮಗುವೂ ಊದಿತು, ತಿಂದಿತು, ಬಟ್ಟಲು ಖಾಲಿ ಮಾಡಿತು, ಅವಳ ಎದೆಗೆ ತಲೆಯಾನಿಸಿ ಹಾಗೇ ನಿದ್ದೆ ಹೋಯಿತು. ಅಜೀಜಾಬಿ ಗೋಡೆಗೆ ಒರಗಿ ಇದನ್ನೆಲ್ಲ ನೋಡಿದರು.

"ಕರ್ಕೊಂಡು ಹೋಗು," ಅಂದರು. "ಮನೇಗೆ ಕರ್ಕೊಂಡು ಹೋಗಿ ನೀನೇ ಸಾಕು. ನನಗೆ ಮಗು ಬದುಕಿದ್ರೆ ಸಾಕು. ನಸೀಬು ಗಿಸೀಬು ಏನೂ ಕೇಳಲ್ಲ."

ಹತ್ತು ವರ್ಷ ನಮಾಜಿನ ಚಾಪೆಯ ಮೇಲೆ ಕೂತು ಬೇಡಿಕೊಂಡದ್ದು ಹೀಗೆ ತಾನಾಗಿ ಮಡಿಲಿಗೆ ಬಂದು ಬಿತ್ತು. ಹೂಂ ಅಂದರೆ ಸಾಕಿತ್ತು. ಶೈಸ್ತಾಳ ತುಟಿ ಹೂಂ ಅನ್ನಲು ತೆರೆಯಿತು ಕೂಡ. ಆಗ ಅವಳ ಕಣ್ಣು ಆಸ್ಮಾಳ ಮೇಲೆ ಬಿತ್ತು.

ಆಸ್ಮಾ ಇನ್ನೂ ಅದೇ ಜಾಗದಲ್ಲಿ, ಚಮಚ ಹಿಡಿದು ಕೂತಿದ್ದಳು. ಚಮಚದ ಸರಿ ಒಣಗಿ ಅಂಟಿಕೊಂಡಿತ್ತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ತನ್ನನ್ನು ದಾಟಿಕೊಂಡು ಹೋದದ್ದನ್ನು ಕಂಡ ಮುಖ ಅದು. ಅಳುವುದೂ ಅವಳಿಗೆ ತೋಚಿರಲಿಲ್ಲ.

"ಆಪಾ, ಅವತ್ತು ನಾನು ನೋಡಿದ್ದೆ," ಅಂದಳು ಆಸ್ಮಾ, ಯಾರೂ ಕೇಳದಿದ್ದರೂ. "ನೀವು ತಿನ್ನಿಸ್ತಾ ಇದ್ದಿದ್ದು. ಎಲ್ಲರ ಮುಂದೆ ಅಮ್ಮಿ ನಿಮ್ಮನ್ನ ಕೇಳುವಾಗ ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಇರಬೇಕು, ಇವಳು ನನ್ನ ಮುಂದೆ ಬಾಯಿ ಬಿಡ್ತಿಲ್ಲ. ನೀವೇ ಕರ್ಕೊಂಡು ಹೋಗಿ ಆಪಾ."

ಕೈ ಖಾಲಿಯಾಗುವುದು ಹೇಗಿರುತ್ತದೆ ಎಂದು ಆ ಮನೆಯಲ್ಲಿ ಶೈಸ್ತಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಲಗಿದ್ದ ಮಗುವಿನ ನೆತ್ತಿಯನ್ನು ಒಮ್ಮೆ ಮೂಸಿದಳು. ಎದ್ದು ಹೋಗಿ ಆಸ್ಮಾಳ ಮಡಿಲಲ್ಲಿ ಮಲಗಿಸಿದಳು.

"ತಾಯಿ ನೀನಿರೋವಾಗ ನಾನ್ಯಾಕಮ್ಮ ಕರ್ಕೊಂಡು ಹೋಗ್ಲಿ?" ಅಂದಳು. ಧ್ವನಿ ಒಡೆಯದಂತೆ ನೋಡಿಕೊಂಡಳು. "ನಾಲ್ಕು ದಿನ ಇರ್ತೀನಿ. ನಿನ್ನ ಕೈಯಲ್ಲಿ ತಿನ್ನೋದನ್ನ ಅಭ್ಯಾಸ ಮಾಡಿಸಿ ಹೋಗ್ತೀನಿ. ಆದ್ರೆ ನಾನಿರೋದು ಅವಳಿಗೆ ಕಾಣಬಾರ್ದು."

ಕೆಳಗಿನ ಮನೆಯ ಯಜಮಾನಿ ವೆಂಕಟರತ್ನಮ್ಮ ತಮ್ಮ ಹಿತ್ತಲ ಕೋಣೆ ಬಿಟ್ಟುಕೊಟ್ಟರು. ಊಟದ ಹೊತ್ತಿಗೆ ಶೈಸ್ತಾ ಹಿಂದಿನ ಮೆಟ್ಟಿಲಿಂದ ಸದ್ದಾಗದಂತೆ ಹತ್ತಿ ಬಂದು ಅಡುಗೆಮನೆಯ ಪರದೆಯ ಹಿಂದೆ ನಿಲ್ಲುತ್ತಿದ್ದಳು. ಪರದೆಯ ಈಚೆ ಆಸ್ಮಾ ಮಗುವನ್ನು ಕೂರಿಸಿಕೊಂಡು ಚಮಚ ಎತ್ತುತ್ತಿದ್ದಳು. ಮಗು ಬಾಯಿ ಬಿಗಿ ಹಿಡಿಯುತ್ತಿತ್ತು. ಆಗ ಪರದೆಯ ಹಿಂದಿನಿಂದ "ಫೂ..." ಎಂದು ಕೇಳುತ್ತಿತ್ತು. ಜೋಹ್ರಾ ಬೆರಗಾಗಿ ಅತ್ತ ಇತ್ತ ನೋಡಿ, ತಾನೂ ಊದಿ, ಬಾಯಿ ತೆರೆಯುತ್ತಿದ್ದಳು. ಆಸ್ಮಾ ತುತ್ತಿಡುತ್ತಿದ್ದಳು. ಮತ್ತೆ ಫೂ, ಮತ್ತೆ ತುತ್ತು. ಒಬ್ಬಳ ಉಸಿರು, ಇನ್ನೊಬ್ಬಳ ಕೈ. ಅಜೀಜಾಬಿ ಪರದೆಯ ಆಚೆಗೂ ನೋಡಲಾರದೆ ಈಚೆಗೂ ನೋಡಲಾರದೆ ತಸ್‌ಬೀಹ್ ಮಣಿ ಎಣಿಸುತ್ತ ಕೂರುತ್ತಿದ್ದರು.

ಊಟವಿಲ್ಲದ ಹೊತ್ತಿನಲ್ಲಿ ಮೇಲಿಂದ ಮಗು ಅತ್ತರೆ ಕೆಳಗೆ ಶೈಸ್ತಾ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ವೆಂಕಟರತ್ನಮ್ಮನಿಗೆ ನೋಡಲಾಗಲಿಲ್ಲ.

"ಅಷ್ಟು ಅಳ್ತಾ ಐತಲ್ಲಮ್ಮ, ಒಂದ್ಸಲ ಹೋಗಿ ಎತ್ಕೋಬಾರ್ದಾ?"

"ಎತ್ಕೊಂಡ್ರೆ ಇಳಿಸೋಕಾಗಲ್ಲಮ್ಮ ನನ್ನ ಕೈಲಿ," ಅಂದಳು ಶೈಸ್ತಾ.

ಒಂದು ಬೆಳಗ್ಗೆ ಅವಳು ಎಂದಿನಂತೆ ಪರದೆಯ ಹಿಂದೆ ನಿಂತು ತುಟಿ ಗುಂಡಗೆ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಆಚೆಯಿಂದಲೇ ಸದ್ದು ಬಂತು. "ಫೂ..." ಆಸ್ಮಾ ಊದಿದ್ದಳು. ಮಗು ತಡವರಿಸಿತು. ಶೈಸ್ತಾ ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡಳು. ತಿನ್ನಲಿ ಯಾ ಅಲ್ಲಾಹ್, ತಿನ್ನಲಿ... ತಿನ್ನದಿರಲಿ... ಅವಳಿಗೆ ತಾನೇನು ಬೇಡುತ್ತಿದ್ದೇನೆಂದೇ ತಿಳಿಯಲಿಲ್ಲ. ಪರದೆಯ ಆಚೆ ಮಗು ತಾಯಿಯ ಮುಖ ನೋಡಿತು, ತಾನೂ ಊದಿತು, ಬಾಯಿ ತೆರೆಯಿತು. ಒಂದು ತುತ್ತು. ಇನ್ನೊಂದು. ನಡುವೆ ಏನನ್ನೋ ಕಂಡು ಕಿಲಕಿಲನೆ ನಕ್ಕಿತು. ಬಟ್ಟಲ ತಳಕ್ಕೆ ಚಮಚ ತಾಗುವ ಸದ್ದು ಕೇಳುವ ತನಕ ಶೈಸ್ತಾ ಅಲ್ಲೇ ನಿಂತಿದ್ದಳು. ಅಂಗೈಯೆಲ್ಲ ಒದ್ದೆಯಾಗಿತ್ತು.

ಮಗು ಮಲಗಿದ್ದಾಗ, ಹೇಳದೆ ಹೊರಟಳು. ಆಸ್ಮಾ ಮೆಟ್ಟಿಲವರೆಗೂ ಬಂದು ಅವಳ ಎರಡೂ ಕೈ ಹಿಡಿದು, ಬೆಂದು ಬಿಳಿಚಿದ ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ಮರಗಟ್ಟಿದ ಬೆರಳಿಗೆ ಕಣ್ಣೀರಿನ ಬಿಸಿ ತಿಳಿಯಲಿಲ್ಲ, ತೇವ ಮಾತ್ರ ತಿಳಿಯಿತು. ಆಸ್ಮಾ ಗಟ್ಟಿಯಾದಳೆಂದು ಅಜೀಜಾಬಿಯೂ ತಮ್ಮ ಚೀಲ ಎತ್ತಿಕೊಂಡು ಜೊತೆಗೆ ಹೊರಟರು. ಬಸ್ಸಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತು ಶಿಡ್ಲಘಟ್ಟಕ್ಕೆ ಬಂದರು.

ಮನೆ ಬಿಕೋ ಎನ್ನುತ್ತಿತ್ತು. ಜೋಹ್ರಾಳ ಜೋಲಿಯ ಸೀರೆ ಇನ್ನೂ ತೊಲೆಗೆ ಕಟ್ಟಿಕೊಂಡೇ ಇತ್ತು. ಶೈಸ್ತಾ ಅದರ ಕಡೆ ನೋಡದೆ ಶೆಡ್ಡಿಗೆ ಹೋಗಿ ಕೆಲಸಕ್ಕೆ ಕೂತಳು. ಮಧ್ಯಾಹ್ನ ಗಂಡಸರ ಊಟವಾದ ಮೇಲೆ ಅಜೀಜಾಬಿ ಶೆಡ್ಡಿನ ಬಾಗಿಲಿಗೆ ಬಂದರು. ಕೈಯಲ್ಲಿ ಅನ್ನದ ತಟ್ಟೆ ಇತ್ತು. ಸೊಸೆಗೆ ತಾವೇ ತಟ್ಟೆ ಹಾಕಿಕೊಂಡು ಬಂದದ್ದು ಹತ್ತು ವರ್ಷದಲ್ಲಿ ಅದೇ ಮೊದಲು. ಅವಳ ಮುಂದೆ ಇಟ್ಟು, ಮಂಡಿ ನೋವೆಂದು ಗೊಣಗುತ್ತ ಪಕ್ಕದಲ್ಲೇ ಕೆಳಗೆ ಕೂತರು.

"ಮಜರ್‌ಗೆ ನಮ್ಮತ್ತೆ ಗುಣ ಬಂತು," ಅಂದರು. "ಬಬ್ಲುಗೆ ನನ್ನ ತಮ್ಮಂದು."

ಶೈಸ್ತಾ ಎಳೆ ಹಿಡಿಯುತ್ತಲೇ ಇದ್ದಳು.

"ಜೋಹ್ರಾಗೆ ನಿಂದು ಬರುತ್ತೆ." ಅಜೀಜಾಬಿ ತಟ್ಟೆಯನ್ನು ಇನ್ನಷ್ಟು ಅವಳ ಕಡೆ ಸರಿಸಿದರು. "ಬರಲಿ ಅಂತ ದುವಾ ಮಾಡ್ತಾ ಇದೀನಿ. ತಿನ್ನು."

ಶೈಸ್ತಾ ಬಿಸಿನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಅನ್ನ ಆಗಲೇ ತಣ್ಣಗಾಗಿತ್ತು. ಆದರೂ ಅವಳು ತುತ್ತನ್ನು ಬಾಯಿಯ ಹತ್ತಿರ ತಂದು, ಒಂದು ಸಲ ಊದಿ, ಆಮೇಲೆ ಉಂಡಳು.